ಕ್ರಾಯ್ಡನ್ ಹುಡುಗರ ಬೇಸ್

ಡಬ್‌ಸ್ಟೆಪ್, ಗ್ರೈಮ್ ಎರಡೂ ಲಂಡನ್‌ನ ಸಂಗೀತ ಶೈಲಿಗಳು. ಡಬ್‌ಸ್ಟೆಪ್ ಗ್ರೈಮ್‌ನಿಂದ ಹುಟ್ಟಿತು ಅಂತ ಯಾರಾದರೂ ಹೇಳಿದರೆ ನನಗೆ ಸುಮ್ನೆ ಇರೋಕಾಗಲ್ಲ. ಎರಡೂ ಯುಕೆ ಗ್ಯಾರಾಜ್ ಅನ್ನೋ ಡಾನ್ಸ್ ಸಂಗೀತದ ಮಕ್ಕಳು, ಒಟ್ಟಿಗೇ ಬೆಳೆದ ಅಣ್ಣತಮ್ಮಂದಿರು. ಗ್ರೈಮ್ ಪೂರ್ವ ಲಂಡನ್‌ನ ಬೋ ಕಡೆಯದು, ಅಲ್ಲಿ ಮೈಕ್ ಹಿಡಿದು ರ್‍ಯಾಪ್ ಮಾಡುವವನೇ ರಾಜ. ಡಬ್‌ಸ್ಟೆಪ್ ದಕ್ಷಿಣದ ಕ್ರಾಯ್ಡನ್‌ನದು. ಅಲ್ಲಿ ಮಾತು ಕಡಿಮೆ, ಬೇಸ್ (ತಗ್ಗಿನ ಗುಡುಗು ದನಿ) ಜಾಸ್ತಿ. ವೇಗ ಮಾತ್ರ ಎರಡಕ್ಕೂ ನಿಮಿಷಕ್ಕೆ ಸುಮಾರು 140 ಬೀಟ್.

ಕ್ರಾಯ್ಡನ್‌ನಲ್ಲಿ ಬಿಗ್ ಆಪಲ್ ಅಂತ ಒಂದು ರೆಕಾರ್ಡ್ ಅಂಗಡಿ ಇತ್ತು. ಡಿಜೆ ಹ್ಯಾಚಾ ಅಲ್ಲಿ ಕೆಲಸಕ್ಕಿದ್ದ. ಮುಂದೆ ಡಬ್‌ಸ್ಟೆಪ್‌ನಲ್ಲಿ ಹೆಸರು ಮಾಡಿದ ಸ್ಕ್ರೀಮ್, ಬೆಂಗಾ ಆಗಿನ್ನೂ ಸ್ಕೂಲ್ ಹುಡುಗರು. ಕಂಪ್ಯೂಟರ್‌ನಲ್ಲೇ ಟ್ರ್ಯಾಕ್ ಮಾಡಿ ತರುತ್ತಿದ್ದರು (ಸ್ಕ್ರೀಮ್ ಕೈಲಿದ್ದದ್ದು ಬರೀ ಫ್ರೂಟಿಲೂಪ್ಸ್ ಅನ್ನೋ ಸಾಫ್ಟ್‌ವೇರ್!). ಹ್ಯಾಚಾ ಅವನ್ನು ಡಬ್‌ಪ್ಲೇಟ್ (ಡಿಜೆಗಾಗಿ ಒಂದೊಂದೇ ಪ್ರತಿ ಕೊರೆಸುವ ರೆಕಾರ್ಡ್) ಮಾಡಿಸಿ ಕ್ಲಬ್‌ನಲ್ಲಿ, ರಿನ್ಸ್ ಎಫ್‌ಎಂನಲ್ಲಿ ಹಾಕುತ್ತಿದ್ದ. ರಿನ್ಸ್ ಆಗ ಕಳ್ಳ ಸ್ಟೇಷನ್, ಲೈಸೆನ್ಸ್ ಸಿಕ್ಕಿದ್ದು 2010ರಲ್ಲಿ. ವೈಲಿಯಂಥ ಗ್ರೈಮ್ ಹುಡುಗರೂ ಅದೇ ಸ್ಟೇಷನ್‌ನಲ್ಲಿದ್ದರು. ಒಬ್ಬರ ಬೀಟ್ ಇನ್ನೊಬ್ಬರ ಕಿವಿಗೆ ಬೀಳದೇ ಇರುತ್ತಾ?

2003ರಲ್ಲಿ ಗ್ರೈಮ್ ಹುಡುಗ ಡಿಜಿ ರಾಸ್ಕಲ್‌ಗೆ ಬ್ರಿಟನ್‌ನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬಂತು, ಗ್ರೈಮ್‌ಗೆ ಹೆಸರೂ ಬಂತು. ಡಬ್‌ಸ್ಟೆಪ್ 2006ರವರೆಗೆ ಕಾಯಬೇಕಾಯಿತು. ಆ ವರ್ಷ ಬಿಬಿಸಿ ರೇಡಿಯೊ 1ರಲ್ಲಿ ನಿರೂಪಕಿ ಮೇರಿ ಆ್ಯನ್ ಹಾಬ್ಸ್ ಒಂದಿಡೀ ಕಾರ್ಯಕ್ರಮವನ್ನೇ ಡಬ್‌ಸ್ಟೆಪ್‌ನವರಿಗೆ ಬಿಟ್ಟುಕೊಟ್ಟರು.

ಹುಡುಕಿ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಅರ್ಧ ಟ್ರ್ಯಾಕೇ ಕೇಳಿಸಲ್ಲ.