ಚೊಗರು ಹಿಡಿದ ಕೈ

ದೀಪಾವಳಿ ಹೊತ್ತಿಗೆ ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊಯ್ಲು ಬಿರುಸಾದರೆ ಶಾಲೆಗೆ ಹೊಸ ಮಕ್ಕಳು ಬರುತ್ತಾರೆ. ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಿಂದಲೂ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ರಾತ್ರಿ ತಾಯಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುವಾಗ ಪಕ್ಕದಲ್ಲಿರುವ ಮಗುವಿನ ಕೈ ಸುಮ್ಮನಿರುವುದಿಲ್ಲ, ಸುಲಿದದ್ದನ್ನು ಆರಿಸಿ ಬುಟ್ಟಿಗೆ ತುಂಬುತ್ತದೆ. ಬೆಳಗಾಗುವಷ್ಟರಲ್ಲಿ ಉಗುರಿನ ಬುಡ, ಬೆರಳ ಸಂದಿ, ಅಂಗೈ ಗೆರೆ ಎಲ್ಲ ಕಪ್ಪು.

ಆ ಗುರುವಾರ ನಮ್ಮ ಶಾಲೆಯಲ್ಲಿ ಮಾತು ಬೆಳೆದದ್ದು ಈ ಕಪ್ಪಿನಿಂದ. ಬಿಸಿಯೂಟಕ್ಕೆ ಮುಂಚೆ ಕೈ ನೋಡುವುದು ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಯ ಕೆಲಸ. ಏಳನೇ ತರಗತಿಯ ಹುಡುಗ, ಕೆಲಸದಲ್ಲಿ ಶಿಸ್ತಿನವನೇ. ಐದನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯ ಅಂಗೈ ನೋಡಿ "ತೊಳ್ಕಂಡು ಬಾ" ಅಂದ. ತೊಳೆದು ಬಂದಳು. ಮತ್ತೆ ಕಳಿಸಿದ. ಮೂರನೇ ಸಲ ಸಾಲಿನ ಕೊನೆಗೆ ನಿಲ್ಲಿಸಿದ. ಹಿಂದಿನಿಂದ ಯಾರೋ "ಕರಿ ಕೈ" ಅಂದರು. ಇನ್ಯಾರೋ "ಅವ್ರ ಬಣ್ಣನೇ ಹಂಗೆ" ಅಂದರು.

ಸಂಸತ್ತಿನ ಮುಖ್ಯಮಂತ್ರಿ ಎಂಟನೇ ತರಗತಿಯ ಹುಡುಗಿ. ಅವಳು ಯಾರನ್ನೂ ಬೈಯಲಿಲ್ಲ. ಚಿಕ್ಕವಳನ್ನು ನಲ್ಲಿ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಚ್ಚಿ ಉಜ್ಜಿ, ತನ್ನ ಬಿಳಿ ಕರ್ಚೀಫಿನಲ್ಲಿ ಒತ್ತಿ ಒರೆಸಿದಳು. ಆ ಕರ್ಚೀಫನ್ನು ಆರೋಗ್ಯ ಮಂತ್ರಿಯ ಮುಂದೆ ಬಿಡಿಸಿ ಹಿಡಿದಳು. ಒದ್ದೆಯಾಗಿತ್ತು, ಅಷ್ಟೇ.

"ಕೊಳೆ ಆಗಿದ್ರೆ ಬಟ್ಟೆಗೆ ಹತ್ತಬೇಕಿತ್ತಲ್ಲ ಮಾರಾಯ. ಇದು ಚೊಗರು. ನಿಮ್ಮನೆ ಅಡಿಕೆ ಸುಲಿದೇ ಹಿಂಗಾಗಿರೋದು."

ಆ ಕುಟುಂಬ ಕೆಲಸಕ್ಕೆ ಬಂದದ್ದು ಆ ಹುಡುಗನ ಮನೆ ತೋಟಕ್ಕೇ.

ಹಸಿ ಅಡಿಕೆಯ ಚೊಗರು, ಅಂದರೆ ಅದರ ಒಗರು ರಸ, ಚರ್ಮಕ್ಕೇ ಬಣ್ಣ ಕಟ್ಟುತ್ತದೆ. ಸೋಪಿಗೆ ಹೋಗುವಂಥದ್ದಲ್ಲ, ಮೇಲಿನ ಚರ್ಮ ಸವೆದಂತೆ ಹೋಗಬೇಕು. ದಿನಾ ಸುಲಿಯುವವರ ಕೈಯಲ್ಲಿ ಸುಗ್ಗಿ ಮುಗಿಯುವ ತನಕ ಇದ್ದೇ ಇರುತ್ತದೆ. ಮಲೆನಾಡಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಮಕ್ಕಳು ಅದನ್ನು ಕೊಳೆ ಅಂದರು, ಊರಿಗೆ, ಮೈಬಣ್ಣಕ್ಕೆ ಅಂಟಿಸಿದರು. ಅಂಥ ಮಾತು ಮಕ್ಕಳು ತಾವಾಗಿ ಕಟ್ಟಿದ್ದಲ್ಲ, ದೊಡ್ಡವರ ಬಾಯಿಂದ ಕೇಳಿದ್ದು. ಅವತ್ತಿನಿಂದ ಕೈ ನೋಡುವ ನಿಯಮ ಬದಲಾಯಿತು: ಉಗುರು ಕತ್ತರಿಸಿದೆಯೇ, ಸೋಪು ಹಚ್ಚಿ ತೊಳೆದಿದೆಯೇ, ಇಷ್ಟೇ. ಬಣ್ಣ ನೋಡುವ ಹಾಗಿಲ್ಲ.

ಮುಖ್ಯಮಂತ್ರಿ ಹುಡುಗಿ ಇಷ್ಟು ತಾಳ್ಮೆ ಕಲಿತದ್ದು ಆಗಸ್ಟಿನಲ್ಲಿ ಮಾಡಿದ ಒಂದು ತಪ್ಪಿನಿಂದ. ಶಿಕಾರಿಪುರ ಕಡೆಯ ತಾಂಡಾದಿಂದ ಬಂದ ಹುಡುಗನಿಗೆ ಅಡ್ಡಹೆಸರಿಟ್ಟವರ ಪಟ್ಟಿಯನ್ನು ಪ್ರಾರ್ಥನೆ ವೇಳೆ ಎಲ್ಲರ ಮುಂದೆ ಓದಿದ್ದಳು. ಬೈಸಿಕೊಂಡವರು ಮಧ್ಯಾಹ್ನಕ್ಕೆ ಮರೆತರು. ಅಡ್ಡಹೆಸರು ಮಾತ್ರ ಇಡೀ ಶಾಲೆಗೆ ಗೊತ್ತಾಗಿ ಆ ಹುಡುಗ ಮೂರು ದಿನ ಬರಲಿಲ್ಲ. ಆಮೇಲೆ ಬರೆಯುವ ಕ್ರಮವನ್ನೇ ಬದಲಿಸಿದಳು. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ತಾರೀಖು, ಜಾಗ, ಏನಾಯಿತು, ಮೂರೇ ಕಲಂ. ಹೆಸರು ಹೇಳುವುದಿದ್ದರೆ ಟೀಚರ್ ಒಬ್ಬರ ಹತ್ತಿರ, ಬಾಗಿಲು ಹಾಕಿಕೊಂಡು, ಅದೂ ನೊಂದ ಮಗು ಹೂಂ ಅಂದ ಮೇಲೆ.

ಗುರುವಾರ ಕೊನೆಯ ಪೀರಿಯಡ್‌ಗೆ ಸಂಸತ್ತು ಕೂತಾಗ ಆ ಹಾಳೆ ಹೊರಬಂತು. ಎರಡು ವಾರದಲ್ಲಿ ಅಂಗಳ ಗುಡಿಸಿದವರಲ್ಲಿ ಒಬ್ಬರೂ ಊಟ ಬಡಿಸಿರಲಿಲ್ಲ. ಬಡಿಸಿದವರಲ್ಲಿ ಒಬ್ಬರೂ ಪೊರಕೆ ಹಿಡಿದಿರಲಿಲ್ಲ. ಯಾರೂ ಹೀಗೇ ಮಾಡಿ ಅಂದಿರಲಿಲ್ಲ, ತಾನಾಗಿಯೇ ಹಾಗೆ ಕೂತುಬಿಟ್ಟಿತ್ತು. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನದ 17ನೇ ವಿಧಿಯನ್ನು ಪಾಠದಲ್ಲಿ ಬಾಯಿಪಾಠ ಮಾಡಿಸಿದ ನಮ್ಮ ಕಣ್ಣಿಗೇ ಇದು ಬಿದ್ದಿರಲಿಲ್ಲ ಎನ್ನುವುದು ನೋವಿನ ಸಂಗತಿ.

ಹಾಜರಿ ಸಂಖ್ಯೆ ಪ್ರಕಾರ ಪಾಳಿ ಹಾಕೋಣ ಅಂದೆವು. ಅವಳು ಒಪ್ಪಲಿಲ್ಲ. ನಡುವೆ ಸೇರಿದವರ ಹೆಸರು ಹಾಜರಿಯಲ್ಲಿ ಕೊನೆಗೆ ಬರುತ್ತದೆ. ಸಂಖ್ಯೆ ಹಿಡಿದರೆ ವಲಸೆ ಬಂದ ಮಕ್ಕಳೆಲ್ಲ ಒಂದೇ ಗುಂಪಾಗಿ ಮತ್ತೆ ಬೇರೆಯಾಗಿಯೇ ಉಳಿಯುತ್ತಾರೆ. ಸರಿಯಾದ ಮಾತು. ಚೀಟಿ ಎತ್ತಿದೆವು. ಆರರಿಂದ ಎಂಟನೇ ತರಗತಿವರೆಗೆ 36 ಮಕ್ಕಳು, ಆರು ಜನರ ಆರು ಗುಂಪು. ನೀರು, ಅಂಗಳ, ತರಗತಿ, ಗಿಡ, ತಟ್ಟೆ, ಬಡಿಸುವುದು, ಹೀಗೆ ವಾರಕ್ಕೊಂದು ಕೆಲಸ. ಆರು ವಾರವಾದ ಮೇಲೆ ಹೊಸ ಚೀಟಿ, ಇಲ್ಲದಿದ್ದರೆ ಗುಂಪುಗಳೇ ಇನ್ನೊಂದು ಜಾತಿಯಾಗುತ್ತವೆ. ಶೌಚಾಲಯ ತೊಳೆಯುವುದು ಪಟ್ಟಿಯಲ್ಲಿಲ್ಲ, ಅದು ಮಕ್ಕಳ ಕೆಲಸವಲ್ಲ.

ಬಡಿಸುವ ಸೌಟಿನ ಮಾತೂ ಬಂತು. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ ಎಂಬ ಲೆಕ್ಕವಿದ್ದರೂ ಗೆಳೆಯರಿಗೆ ಸೌಟು ತುಂಬಿ, ಉಳಿದವರಿಗೆ ಅರೆ ಬೀಳುತ್ತಿತ್ತು. ಇನ್ನು ಎಲ್ಲರಿಗೂ ಸೌಟಿನ ಅಂಚಿಗೆ ಸಮ, ಬೇಕಾದವರು ಎರಡನೇ ಸಲ ಬರಬೇಕು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದೂ ಭತ್ತ ಅಳೆಯುವ ಕೊಳಗದ ಅಳತೆಯ ಅನ್ಯಾಯಕ್ಕೇ. ಅಳತೆ ಸರಿ ಇರಲಿ ಎನ್ನುವ ಜಗಳ ಈ ಜಿಲ್ಲೆಗೆ ಹೊಸದಲ್ಲ.

ಸಭೆ ಮುಗಿಯಿತು ಅಂದುಕೊಂಡೆವು. ಅವಳು ಕೂತಿರಲಿಲ್ಲ.

"ಸರ್, ಸ್ಕಾಲರ್‌ಶಿಪ್ ಬಂದಾಗ ನೀವು ಕ್ಲಾಸಲ್ಲಿ ಜಾತಿ ಹೇಳಿ ಎಬ್ಬಿಸಿ ನಿಲ್ಲಿಸ್ತೀರಲ್ಲ. ಅದನ್ನ ಒಳಗೆ ಕರೆದು ಹೇಳಬಹುದಾ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾನಸಿಕ ಹಿಂಸೆ ಕೂಡದು ಎನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಿಕ್ಷಕರಿಗೂ ಅನ್ವಯ. ಹಾಜರಿ ಪುಸ್ತಕದೊಳಗೆ ಮಡಿಸಿಟ್ಟಿದ್ದ ಸ್ಕಾಲರ್‌ಶಿಪ್ ಪಟ್ಟಿ ಆ ಸಂಜೆಯೇ ಆಫೀಸ್ ರೂಮಿನ ಬೀರು ಸೇರಿತು.