ಥ್ರಿಲ್ ಇದೆಯಲ್ಲ, ಸ್ಕ್ಯಾನ್ ಯಾಕೆ?

“ಥ್ರಿಲ್ ಚೆನ್ನಾಗೇ ಇದೆಯಲ್ಲ ಡಾಕ್ಟ್ರೇ, ಸ್ಕ್ಯಾನ್ ಯಾಕೆ?” ಡಯಾಲಿಸಿಸ್ ಟೆಕ್ನಿಷಿಯನ್ ಈ ವಾರ ಕೇಳಿದ್ದು ಇಷ್ಟೇ. ಡಯಾಲಿಸಿಸ್ಸಿಗೆಂದು ತೋಳಿನ ಅಪಧಮನಿಗೆ ಸಿರೆಯನ್ನು ಜೋಡಿಸಿ ಮಾಡಿದ ದಾರಿಯೇ ಫಿಸ್ಟುಲಾ; ಅದರ ಮೇಲೆ ಬೆರಳಿಟ್ಟಾಗ ಸಿಗುವ ಕಂಪನ ಥ್ರಿಲ್; ಸ್ಕ್ಯಾನ್ ಅಂದರೆ ರಕ್ತದ ವೇಗ ಅಳೆಯುವ ಡಾಪ್ಲರ್ ಅಲ್ಟ್ರಾಸೌಂಡ್. ಸೂಜಿ ಹಾಕುವುದರಲ್ಲಿ ಎತ್ತಿದ ಕೈ ಆ ಹುಡುಗನದು. ಆದರೆ ಅದೇ ರೋಗಿಯ ವೀನಸ್ ಪ್ರೆಷರ್ (ರಕ್ತವನ್ನು ಸಿರೆಗೆ ಮರಳಿ ಕಳಿಸುವಾಗ ಮೆಷಿನ್ ತೋರಿಸುವ ಒತ್ತಡ) ಸರದಿಯಿಂದ ಸರದಿಗೆ ಏರುತ್ತಿತ್ತು, ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಕೈ ಮೇಲೆತ್ತಿಸಿದರೂ ಫಿಸ್ಟುಲಾ ಕುಗ್ಗಲಿಲ್ಲ. ಬೆರಳಿಗೆ ಸಿಕ್ಕಿದ್ದು ಎಡೆಬಿಡದ ಕಂಪನವಲ್ಲ, ನಾಡಿಯಂಥ ಬಡಿತ. ಮುಂದೆಲ್ಲೋ ದಾರಿ ಕಿರಿದಾದಾಗ ಹೀಗಾಗುತ್ತದೆ.

ಸ್ಕ್ಯಾನಿಗೆ ಕಳಿಸಿದವರು ಕೇಳುವುದು ಫ್ಲೋ (ನಿಮಿಷಕ್ಕೆ ಹರಿಯುವ ರಕ್ತದ ಪ್ರಮಾಣ) ಒಂದನ್ನೇ. ಅದನ್ನು ಫಿಸ್ಟುಲಾದಲ್ಲೇ ಅಳೆದರೆ ನಂಬುವ ಹಾಗಿಲ್ಲ. ಅಲ್ಲಿ ರಕ್ತ ಸುಳಿಯುತ್ತಿರುತ್ತದೆ, ಸಿರೆಯ ಅಗಲವೂ ಒಂದೇ ಸಮನಿರುವುದಿಲ್ಲ. ಮೊಣಕೈಗಿಂತ ಮೇಲೆ ತೋಳಿನ ಮುಖ್ಯ ಅಪಧಮನಿಯಾದ ಬ್ರೇಕಿಯಲ್ ಆರ್ಟರಿಯಲ್ಲಿ ಅಳೆಯಬೇಕು. ಅಲ್ಟ್ರಾಸೌಂಡ್ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಆ್ಯಂಗಲ್ 60 ಡಿಗ್ರಿ ದಾಟಬಾರದು, ಸ್ಯಾಂಪಲ್ ಗೇಟ್ (ಪರದೆಯ ಮೇಲೆ ವೇಗ ಅಳೆಯುವ ಜಾಗದ ಗುರುತು) ನಾಳದ ಪೂರ್ತಿ ಅಗಲಕ್ಕೆ ಹರಡಬೇಕು, ಲೆಕ್ಕಕ್ಕೆ ಸರಾಸರಿ ವೇಗವೇ ಬೇಕು. ವ್ಯಾಸ 5 ಮಿ.ಮೀ., ಸರಾಸರಿ ವೇಗ ಸೆಕೆಂಡಿಗೆ 60 ಸೆಂ.ಮೀ. ಇದ್ದರೆ ಫ್ಲೋ ನಿಮಿಷಕ್ಕೆ ಸುಮಾರು 700 ಮಿ.ಲೀ. ವ್ಯಾಸ ಅಳೆಯುವ ಕ್ಯಾಲಿಪರ್ ಅರ್ಧ ಮಿ.ಮೀ. ಒಳಗೆ ಬಿತ್ತೋ, ಅದೇ ಕೈ 570ಕ್ಕೆ ಇಳಿಯುತ್ತದೆ. ಫಿಸ್ಟುಲಾ ಬಲಿತಿದೆ ಎನ್ನಲು ಸಾಮಾನ್ಯವಾಗಿ ನೋಡುವ ಗೆರೆ 600. ಹಾಗಾಗಿ ಮೂರು ಸಲ ಅಳೆದು ಸರಾಸರಿ ಹಿಡಿಯುವುದು ಅತಿ ಎಚ್ಚರವೇನಲ್ಲ.

ಈ ರೋಗಿಯ ಫ್ಲೋ 900 ಬಂತು. ಅಷ್ಟನ್ನೇ ಬರೆದುಕೊಟ್ಟಿದ್ದರೆ ‘ಸ್ಕ್ಯಾನ್ ಯಾಕೆ’ ಎಂದವನ ಮಾತೇ ಗೆಲ್ಲುತ್ತಿತ್ತು. ಸಿರೆಯ ಜಾಡು ಹಿಡಿದು ಭುಜದವರೆಗೆ ಹೋದಾಗಲೇ ತೊಂದರೆ ಕಂಡದ್ದು: ತೋಳಿನ ಸಿರೆ ಭುಜದ ಬಳಿ ಬಾಗಿ ಒಳಗಿನ ದೊಡ್ಡ ಸಿರೆ ಸೇರುವ ತಿರುವಾದ ಸೆಫಾಲಿಕ್ ಆರ್ಚ್‌ಗೆ ತುಸು ಹಿಂದೆ ಪೀಕ್ ವೇಗ ಸೆಕೆಂಡಿಗೆ 120 ಸೆಂ.ಮೀ., ಆರ್ಚ್‌ನಲ್ಲಿ 480. ಸಿರೆಯಲ್ಲಿ ಈ ಅನುಪಾತ 2 ದಾಟಿದರೇ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರಬಹುದೆಂಬ ಅನುಮಾನ; ಇಲ್ಲಿ ನಾಲ್ಕು. ಮೇಲ್ತೋಳಿನ ಫಿಸ್ಟುಲಾಗಳು ಕೈಕೊಡುವ ಮಾಮೂಲಿ ಜಾಗ ಇದು. ಮಣಿಕಟ್ಟಿನವಾದರೆ ಜೋಡಣೆಯ ಪಕ್ಕದ ಸಿರೆಯನ್ನೇ ಮೊದಲು ನೋಡಬೇಕು.

ಒಂದು ಎಚ್ಚರಿಕೆ: ಸಿರೆ ಚರ್ಮದಡಿಯಲ್ಲೇ ಇರುವುದರಿಂದ ಪ್ರೋಬ್ ತುಸು ಒತ್ತಿದರೂ ಸಾಕು, ಇಲ್ಲದ ಸ್ಟೆನೋಸಿಸ್ (ಕಿರಿದಾದ ಜಾಗ) ಹುಟ್ಟಿಕೊಳ್ಳುತ್ತದೆ. ಜೆಲ್ ಧಾರಾಳವಾಗಿ ಹಾಕಿ, ಪ್ರೋಬ್ ಅದರ ಮೇಲೆ ತೇಲುವಂತಿರಬೇಕು. ‘ಫಿಸ್ಟುಲಾ ಪೇಟೆಂಟ್’ (ಮುಚ್ಚಿಲ್ಲ, ತೆರೆದಿದೆ) ಎಂಬ ಒಂದು ಸಾಲಿನ ರಿಪೋರ್ಟಿನಿಂದ ಯಾರಿಗೂ ಪ್ರಯೋಜನವಿಲ್ಲ. ಎಲ್ಲಿ, ಎಷ್ಟು ಕಿರಿದು, ಎಷ್ಟು ಉದ್ದ, ಸೂಜಿ ಹಾಕುವ ಜಾಗದಲ್ಲಿ ಸಿರೆ ಎಷ್ಟು ಆಳ ಎಂದು ಬರೆಯಬೇಕು. ಆಳ 6 ಮಿ.ಮೀ. ಮೀರಿದರೆ ಪಳಗಿದ ಕೈಯೂ ತಡಕಾಡುತ್ತದೆ. ಇನ್ನು ಕಾಲರ್ ಮೂಳೆಯ ಹಿಂದಿನ ಸಿರೆಗಳು ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ. ತೋಳಿಡೀ ಊದಿದ್ದರೆ ಫಿಸ್ಟುಲೋಗ್ರಾಮ್ (ಡೈ ಕೊಟ್ಟು ತೆಗೆಯುವ ಎಕ್ಸ್-ರೇ) ಮಾಡಿಸಿಯೇ ನೋಡಬೇಕು.