ಆಸ್ಪತ್ರೆ ಚೀಟಿಯ ಮೊದಲ ಸಾಲು, ಡೇರಿ ಪಾಸ್‌ಬುಕ್ಕಿನ ಹೆಸರು

ಮಂಡ್ಯದಲ್ಲಿ ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸುವವರ ಕೈಗೆ ಫೈಲು ಬರುವಷ್ಟರಲ್ಲಿ ಅಪಘಾತವಾಗಿ ಮೂರ್ನಾಲ್ಕು ತಿಂಗಳು ಕಳೆದಿರುತ್ತದೆ. ಕೇಸು ಅರ್ಧ ಗೆದ್ದೋ ಅರ್ಧ ಸೋತೋ ಆಗಿರುತ್ತದೆ. ನಾವು ಮೊದಲು ಹುಡುಕುವುದು ಎಫ್‌ಐಆರ್ ಅಲ್ಲ, ಗಾಯಾಳುವನ್ನು ಮೊಟ್ಟಮೊದಲು ಸೇರಿಸಿದ ಆಸ್ಪತ್ರೆಯ ಎಂಎಲ್‌ಸಿ ದಾಖಲೆಯನ್ನು, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯ ಹೇಗಾಯಿತೆಂದು ಡಾಕ್ಟರು ಬರೆದಿಡುವ ದಾಖಲೆಯನ್ನು.

ಕರೆದುಕೊಂಡು ಹೋದ ಭಾವನೋ ಪಕ್ಕದ ಮನೆಯವನೋ ಗಾಬರಿಯಲ್ಲಿ, ಪೊಲೀಸ್ ಸಹವಾಸ ಯಾಕೆ ಅಂತ, 'ಗಾಡಿಯಿಂದ ಬಿದ್ದುಬಿಟ್ಟ ಡಾಕ್ಟ್ರೇ' ಎಂದಿರುತ್ತಾನೆ. ಡ್ಯೂಟಿ ಡಾಕ್ಟರು 'ಬೈಕಿನಿಂದ ಸ್ಕಿಡ್ ಆಗಿ ಬಿದ್ದು' ಎಂದು ಬರೆದಿರುತ್ತಾರೆ. ಹತ್ತು ದಿನ ಬಿಟ್ಟು ಟ್ರ್ಯಾಕ್ಟರ್ ನಂಬರ್ ಹಾಕಿ ದೂರು ಕೊಟ್ಟರೆ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನೇ ಹಿಡಿದು ಕೂರುತ್ತಾರೆ: ತಾನೇ ಬಿದ್ದವನು ಪರಿಹಾರಕ್ಕೋಸ್ಕರ ಯಾರದ್ದೋ ಗಾಡಿ ಸೇರಿಸಿದ್ದಾನೆ. ದೂರು ತಡವಾಯಿತು ಎನ್ನುವುದೊಂದೇ ಕೇಸು ಕೆಡಿಸುವುದಿಲ್ಲ, ಆಸ್ಪತ್ರೆಯಲ್ಲಿದ್ದೆವು ಎಂದರೆ ನ್ಯಾಯಾಧೀಶರಿಗೆ ಅರ್ಥವಾಗುತ್ತದೆ. ತಡದ ಜೊತೆಗೆ ಆ ಸಾಲೂ ಸೇರಿದರೆ ಕೇಸು ಎತ್ತುವುದು ಕಷ್ಟ. ಆದ್ದರಿಂದ ಜೊತೆಗೆ ಹೋದವರು ಯಾವ ಗಾಡಿ, ಯಾವ ಕಡೆಯಿಂದ ಬಂದು ಗುದ್ದಿತು ಎಂದು ಹೇಳಿ ಬರೆಸಬೇಕು. ನಂಬರ್ ಗೊತ್ತಿಲ್ಲದಿದ್ದರೆ 'ನಂಬರ್ ತಿಳಿಯದ ಟ್ರ್ಯಾಕ್ಟರ್' ಎಂದರೂ ಸಾಕು. ತಾಲ್ಲೂಕು ಆಸ್ಪತ್ರೆಯಿಂದ ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ, ಅಲ್ಲಿಂದ ಮೈಸೂರಿಗೆ ಕಳಿಸಿದರೆ ಮೂರೂ ಕಡೆಯ ಚೀಟಿಯಲ್ಲಿ ಇದೇ ಮಾತು ಇರಬೇಕು. ತಪ್ಪು ಕಂಡರೆ ಅಂದೇ ಹೇಳಿ ಪೊಲೀಸರಿಗೆ ಹೇಳಿಕೆ ಕೊಡಿ. ಡಿಸ್ಚಾರ್ಜ್ ಆದ ಮೇಲೆ ಚೀಟಿ ತಿದ್ದಿಸಲು ಹೋದರೆ ಆ ತಿದ್ದುಪಡಿಯೇ ಅನುಮಾನಕ್ಕೆ ದಾರಿ.

ಖರ್ಚಿಗೆ ಹೆದರಿ ಸುಳ್ಳು ಹೇಳುವವರೂ ಇದ್ದಾರೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ ತಲಾ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದಕ್ಕೂ ರಸ್ತೆ ಅಪಘಾತ ಎಂದು ಬರೆಸಿರಲೇಬೇಕು.

ಇನ್ನು ಗಾಡಿ. ಕಬ್ಬಿನ ಕಾಲದಲ್ಲಿ ನಮ್ಮ ಕಡೆ ರಾತ್ರಿ ಹೊತ್ತು ಗುದ್ದುವುದು, ಗುದ್ದಿಸಿಕೊಳ್ಳುವುದು ಹೆಚ್ಚಾಗಿ ಟ್ರೈಲರ್. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್ಟರಿನ ನಂಬರ್ ಒಂದು, ಟ್ರೈಲರಿನದು ಇನ್ನೊಂದು. ಇಂಜಿನ್ನಿಗೆ ಪಾಲಿಸಿ ಇದ್ದು ಟ್ರೈಲರಿಗೆ ಇಲ್ಲದಿದ್ದರೆ ವಿಮಾ ಕಂಪನಿ ಅದನ್ನೇ ಎತ್ತಿ ಆಡುತ್ತದೆ. ಗಾಡಿ ಸರಿಸುವ ಮೊದಲು ಎರಡೂ ನಂಬರ್, ಹಿಂಬದಿಯ ದೀಪದ ಜಾಗ, ರಸ್ತೆಯಲ್ಲಿ ಅದು ನಿಂತ ರೀತಿ ಫೋಟೊದಲ್ಲಿ ಬರಬೇಕು. ದೀಪ ಇಲ್ಲದ್ದು ಮಹಜರಿನಲ್ಲಿ ಇಲ್ಲದಿದ್ದರೆ, ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ ಬೈಕಿನವನದೇ ತಪ್ಪು ಎಂದು ಪರಿಹಾರದಲ್ಲಿ ಪಾಲು ಕಡಿತವಾಗುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಅಪಘಾತ ಸರ್ವಿಸ್ ರಸ್ತೆಯಲ್ಲೋ ಮುಖ್ಯ ಪಥದಲ್ಲೋ ಎಂಬುದು ಸ್ಕೆಚ್ಚಿನಲ್ಲಿ ಸ್ಪಷ್ಟವಾಗಿರಲಿ.

ಪಾಲಿಸಿಯ ಬಗ್ಗೆ ಒಂದೇ ಮಾತು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಬೈಕಿನ ಹಿಂದೆ ಕೂತವರಿಗೆ ಆ ಬೈಕಿನ ವಿಮೆಯಿಂದ ಹಣ ಬರುವುದಿಲ್ಲ, ಪ್ಯಾಕೇಜ್ (ಸಮಗ್ರ) ಪಾಲಿಸಿಯಾದರೆ ಬರುತ್ತದೆ. ವರ್ಷಕ್ಕೆ ಒಂದಿಷ್ಟು ಉಳಿಸಲು ಹೋಗಿ ಹೆಂಡತಿ ಮಕ್ಕಳನ್ನೇ ವಿಮೆಯಿಂದ ಹೊರಗಿಟ್ಟಂತೆ.

ಆದಾಯದ ಪುರಾವೆಯಲ್ಲಿ ನಮ್ಮ ಜಿಲ್ಲೆಯವರು ಕಳೆದುಕೊಳ್ಳುವಷ್ಟು ದುಡ್ಡನ್ನು ಬೇರೆಲ್ಲೂ ಕಳೆದುಕೊಳ್ಳುವುದಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ ಕೋರ್ಟು ಅಪಘಾತದ ವರ್ಷಕ್ಕೆ ಅನ್ವಯಿಸುವ ಕಾಲ್ಪನಿಕ ಆದಾಯ ಹಿಡಿಯುತ್ತದೆ, ಕೂಲಿಯವನಿಗೂ ಮೂರು ಎಕರೆ ಗದ್ದೆಯವನಿಗೂ ಅದೇ. 'ವರ್ಷಕ್ಕೆ ಐದು ಲಕ್ಷ ದುಡಿಯುತ್ತಿದ್ದೆ' ಎಂದು ಅಫಿಡವಿಟ್ಟಿನಲ್ಲಿ ಬರೆದು ಪಹಣಿ ಒಂದನ್ನೇ ಇಟ್ಟರೆ ಪ್ರಯೋಜನವಿಲ್ಲ. ಜಮೀನು ಎಲ್ಲೂ ಹೋಗಿಲ್ಲ, ಬೆಳೆಯುತ್ತಲೇ ಇದೆ ಎನ್ನುತ್ತದೆ ಕೋರ್ಟು. ತೋರಿಸಬೇಕಾದದ್ದು ಭೂಮಿಯನ್ನಲ್ಲ, ಆ ಮನುಷ್ಯನ ದುಡಿಮೆಯನ್ನು. ನಾಲೆ ಬಯಲಿನ ಗದ್ದೆಯನ್ನು ಅಪಘಾತದ ನಂತರ ಗುತ್ತಿಗೆಗೆ ಕೊಟ್ಟಿದ್ದರೆ ಆ ಪತ್ರ, ನೀರು ಕಟ್ಟಲು ಆಳಿಗೆ ಕೊಟ್ಟ ಕೂಲಿ, ಹಿಂದಿನ ಎರಡು ಮೂರು ವರ್ಷ ಕಾರ್ಖಾನೆಗೆ ಕಬ್ಬು ಕಳಿಸಿದ ತೂಕದ ಚೀಟಿ, ಬ್ಯಾಂಕಿಗೆ ಬಂದ ಕಬ್ಬಿನ ಹಣ. ಬೆಲ್ಲ ಮಾಡುವವರಾದರೆ ಎಪಿಎಂಸಿ ಮಂಡಿಯ ಲೆಕ್ಕದ ಚೀಟಿ.

ಎಲ್ಲಕ್ಕಿಂತ ಒಳ್ಳೆಯ ಪುರಾವೆ ಹಾಲಿನ ಡೇರಿಯದು. ಬೆಳಗ್ಗೆ ಸಂಜೆ ಎಷ್ಟು ಲೀಟರ್ ಎಂದು ಬರೆದಿರುತ್ತದೆ, ಸಂಘದಿಂದ ಹಣ ಖಾತೆಗೆ ಬಂದಿರುತ್ತದೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಜಮೆಯೂ ಕಾಣುತ್ತದೆ. ತೊಡಕು ಹೆಸರಿನದು. ಎಷ್ಟೋ ಮನೆಯಲ್ಲಿ ಡೇರಿ ಸದಸ್ಯತ್ವ ಹೆಂಡತಿ ಹೆಸರಿಗೆ, ಹುಲ್ಲು ತಂದು ಹಾಲು ಕರೆಯುವವನು ಗಂಡ. ಅವನ ಕಾಲು ಮುರಿದರೆ ಪಾಸ್‌ಬುಕ್ಕಿನಲ್ಲಿ ಅವನೇ ಇಲ್ಲ! ಆಗ ಅಪಘಾತದ ಮುಂಚೆ ಎಷ್ಟು ಲೀಟರ್, ಆಮೇಲೆ ಎಷ್ಟು ಎಂದು ತಿಂಗಳುವಾರು ಪಟ್ಟಿ ತೆಗೆಸಿ, ಸಂಘದ ಕಾರ್ಯದರ್ಶಿಯನ್ನು ಸಾಕ್ಷಿಗೆ ಕರೆಸಿ. ದಿನಕ್ಕೆ 18 ಲೀಟರ್ ಇದ್ದದ್ದು 6ಕ್ಕೆ ಇಳಿದಿದ್ದರೆ ಆ ಅಂಕಿಯೇ ಮಾತಾಡುತ್ತದೆ. ಅಪಘಾತದ ನಂತರ ಅವಸರದಲ್ಲಿ ಹಾಕಿದ ಆದಾಯ ತೆರಿಗೆ ರಿಟರ್ನ್‌ಗೆ ಇಷ್ಟು ತೂಕವಿಲ್ಲ. ಅದನ್ನು ಕೇಸಿಗೋಸ್ಕರ ಹಾಕಿದ್ದು ಎಂದು ಯಾರಿಗೂ ತಿಳಿಯುತ್ತದೆ.

ವಯಸ್ಸು ಚಿಕ್ಕ ವಿಷಯ ಎಂದುಕೊಂಡಿರುತ್ತಾರೆ. ವರ್ಷದ ಆದಾಯ ನಷ್ಟವನ್ನು ಎಷ್ಟರಿಂದ ಗುಣಿಸಬೇಕು ಎಂಬ ಗುಣಕ ವಯಸ್ಸಿನ ಮೇಲೆ ನಿಂತಿದೆ: 31ರಿಂದ 35ಕ್ಕೆ 16, 36ರಿಂದ 40ಕ್ಕೆ 15. ತಿಂಗಳಿಗೆ 15,000 ರೂಪಾಯಿ ಆದಾಯದ ಸ್ವಂತ ದುಡಿಮೆಯವನು ತೀರಿಕೊಂಡು ನಾಲ್ವರು ಅವಲಂಬಿತರಿದ್ದರೆ, ಭವಿಷ್ಯದ ಆದಾಯಕ್ಕೆ ಶೇ 40 ಸೇರಿಸಿ 21,000, ವರ್ಷಕ್ಕೆ 2,52,000, ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 1,89,000. ಗುಣಕ ಒಂದು ಇಳಿದರೆ ಹೋಗುವುದು ಅಷ್ಟೂ ಹಣ. ನಮ್ಮ ಹಳ್ಳಿಗಳ ಆಧಾರ್ ಕಾರ್ಡುಗಳಲ್ಲಿ ಅರ್ಧ ಊರು ಜನವರಿ 1ರಂದೇ ಹುಟ್ಟಿದೆ. ಆಧಾರ್ ಜನ್ಮದಿನಾಂಕದ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಓದಿದ ಶಾಲೆಗೆ ಹೋಗಿ ಟಿಸಿ ತನ್ನಿ.

ಅಂಗವೈಕಲ್ಯದ ಶೇಕಡಾವಾರು ಲೆಕ್ಕದಲ್ಲೂ ಹೀಗೇ ಎಡವುತ್ತಾರೆ. ಬಲಗಾಲಿಗೆ ಶೇ 36 ಎಂದು ಡಾಕ್ಟರು ಹೇಳಿದರೆ ಇಡೀ ದೇಹಕ್ಕೆ ಮೂರನೇ ಒಂದು ಭಾಗ, ಶೇ 12 ಹಿಡಿಯುವುದು ರೂಢಿ. 33 ವರ್ಷದ, ತಿಂಗಳಿಗೆ 15,000 ದುಡಿಯುವ ಗಾರೆ ಕೆಲಸದವನಿಗೆ, ಭವಿಷ್ಯದ ಆದಾಯ ಸೇರಿಸದೆ ಗುಣಕ 16 ಹಾಕಿದರೆ, ಅದು 3,45,600 ರೂಪಾಯಿ. ಆದರೆ ಅವನು ಕುಕ್ಕರಗಾಲಲ್ಲಿ ಕೂರಲಾರ, ಸಾರುವೆ ಹತ್ತಲಾರ, ತಲೆ ಮೇಲೆ ಬಾಂಡ್ಲಿ ಹೊರಲಾರ. ಕೆಲಸಕ್ಕೆ ಆದ ನಷ್ಟವನ್ನು ನೋಡಬೇಕು ಎಂಬುದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪಿನಿಂದ ಬಂದ ನಿಯಮ. ಡಾಕ್ಟರ ಸಾಕ್ಷ್ಯದಲ್ಲಿ ಈ ಮೂರೂ ಮಾತು ಬಂದು ಕೋರ್ಟು ಶೇ 20 ಒಪ್ಪಿದರೆ 5,76,000. ಚಿಕಿತ್ಸೆ ಕೊಟ್ಟವರೇ ಸಾಕ್ಷಿ ಹೇಳಿದರೆ ಒಳ್ಳೆಯದು. ಪ್ರಮಾಣಪತ್ರ ಕೊಡಲೆಂದೇ ಒಮ್ಮೆ ನೋಡಿದ ಡಾಕ್ಟರನ್ನು ಪಾಟೀಸವಾಲಿನಲ್ಲಿ ಹಿಂಡಿಬಿಡುತ್ತಾರೆ. ಹೊಸ ಎಕ್ಸ್‌ರೇ ಜೊತೆಗಿರಲಿ.

ಅರ್ಜಿ ಹಾಕಲು ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶ ನಂಬಿಕೊಂಡು ಕೂರಬೇಡಿ. ಮಂಡ್ಯದವರಿಗೆ ಬೇರೆ ಜಿಲ್ಲೆಯಲ್ಲಿ ಅಪಘಾತವಾದರೂ ವಾಸದ ಆಧಾರದಲ್ಲಿ ಮಂಡ್ಯದಲ್ಲೇ ಹಾಕಬಹುದು.

ಹಣ ಬಂದ ಮೇಲಿನ ತೆರಿಗೆ ಬೇರೆಯೇ ತಲೆನೋವು. ಪರಿಹಾರದ ಮೇಲಿನ ಬಡ್ಡಿ ವರ್ಷಕ್ಕೆ 50,000 ದಾಟಿದರೆ ವಿಮಾ ಕಂಪನಿಗಳು ಶೇ 10 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತಿದ್ದವು, ಪ್ಯಾನ್ ಕೊಡದಿದ್ದರೆ ಶೇ 20. ಈ ಬಡ್ಡಿಗೆ ತೆರಿಗೆಯನ್ನೂ ಟಿಡಿಎಸ್ಸನ್ನೂ ತೆಗೆಯುವ ಪ್ರಸ್ತಾವ 2026ರ ಬಜೆಟ್‌ನಲ್ಲಿ ಬಂತು. ಹಿಂದೆ ಕಡಿತವಾಗಿದ್ದರೆ ಆದಾಯ ತೆರಿಗೆ ಇಲಾಖೆಯ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ನೋಡಿ, ಅವಧಿ ಮೀರುವ ಮುನ್ನ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಕೋರ್ಟು ಮಕ್ಕಳ ಹೆಸರಿನಲ್ಲಿ ಇಡಿಸುವ ಎಫ್‌ಡಿಯ ಬ್ಯಾಂಕ್ ಬಡ್ಡಿ ಇದಲ್ಲ. ಅದಕ್ಕೆ ತೆರಿಗೆ ಇದೆ, ತಂದೆ ಇಲ್ಲದ ಮನೆಯಲ್ಲಿ ಅದು ತಾಯಿಯ ಆದಾಯಕ್ಕೆ ಸೇರುತ್ತದೆ. ಎಫ್‌ಡಿ ಇಡುವ ದಿನವೇ ಮಗುವಿಗೂ ಪ್ಯಾನ್ ಮಾಡಿಸಿ ಬ್ಯಾಂಕಿಗೆ ಕೊಡಿ.